ಛಾವಣಿ ಕೆಲಸಕ್ಕೆ ಯಾವ ಬೆಲ್ಟು, ಯಾವ ಹಗ್ಗ? ಮೊದಲು ಕಾಲ ಕೆಳಗಿನ ಮೀಟರ್ ಎಣಿಸಿ

ಕಳೆದ ತಿಂಗಳು ಒಂದು ಶೆಡ್ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುತ್ತಿದ್ದೆವು. ಹೊಸದಾಗಿ ಸೇರಿದ ಹುಡುಗ ಅಂಚಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೋಲ್ಟ್ ಬಿಗಿಯುತ್ತಿದ್ದ. ಮೈಮೇಲೆ ಹೊಚ್ಚ ಹೊಸ ಕೆಂಪು ಹಾರ್ನೆಸ್, ಅಂದರೆ ಮೈಗೆಲ್ಲಾ ಕಟ್ಟುವ ಸೇಫ್ಟಿ ಬೆಲ್ಟು.

"ಕೊಂಡಿ ಹಾಕಿದೀಯೇನಪ್ಪಾ?"

"ಹಾಕಿದೀನಿ ಅಣ್ಣಾ."

"ಎಲ್ಲಿಗೆ?"

ಅವನು ಸೊಂಟ ತೋರಿಸಿದ. ಹುಕ್ಕನ್ನು ತನ್ನ ಬೆಲ್ಟಿನ ಪಟ್ಟಿಗೇ ಸಿಕ್ಕಿಸಿಕೊಂಡಿದ್ದ.

ಮೊದಲು ನಗು ಬಂತು, ಆಮೇಲೆ ಬೆನ್ನಲ್ಲಿ ಬೆವರು ಇಳಿಯಿತು. ಅವನನ್ನು ಬೈಯೋಣ ಅಂತ ಬಾಯಿ ತೆರೆದವನು ಸುಮ್ಮನಾದೆ. ಬೆಲ್ಟ್ ಕೊಟ್ಟಿದ್ದು ನಾನೇ. ಕೊಂಡಿ ಸಿಕ್ಕಿಸೋಕೆ ಒಂದು ಜಾಗ ಮಾಡಿಕೊಡದೆ ಹತ್ತಿಸಿದ್ದೂ ನಾನೇ.

ಹದಿನಾಲ್ಕು ವರ್ಷದಿಂದ ಶೀಟು ಮತ್ತು ಸೋಲಾರ್ ಕೆಲಸ ಮಾಡಿಸುತ್ತಿದ್ದೇನೆ. "ಯಾವ ಬೆಲ್ಟ್ ತಗೋಬೇಕು ಸಾರ್?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಮನೆ ತಾರಸಿಗೆ ಸೋಲಾರ್ ಹಾಕಿಸುವ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಒಂದು ಕೋಟಿ ಮನೆ ಗುರಿ, 78,000 ರೂಪಾಯಿವರೆಗೆ ಸಬ್ಸಿಡಿ. ಊರೂರಲ್ಲಿ ಹೊಸ ತಂಡಗಳು ಹುಟ್ಟಿಕೊಂಡಿವೆ. ನಿನ್ನೆವರೆಗೆ ನೆಲದ ಮೇಲೆ ವೈರಿಂಗ್ ಮಾಡುತ್ತಿದ್ದವರು ಇವತ್ತು ಮೂರನೇ ಮಹಡಿಯ ತುದಿಯಲ್ಲಿ ನಿಂತಿದ್ದಾರೆ. ಅವರಿಗಾಗಿ, ಮತ್ತೆ ಅವರನ್ನು ಕರೆಸುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಲ್ಟಿನ ವಿಷಯ ಕೊನೆಗೆ ಬರುತ್ತದೆ. ಆಯ್ಕೆಯಲ್ಲೂ ಅದರ ಸರದಿ ಕೊನೆಯದೇ.

ಮೊದಲು ಒಂದು ಕೂಡುವ ಲೆಕ್ಕ

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸೆಟ್‌ನಲ್ಲಿ ಒಂದು ಹಾರ್ನೆಸ್, ಸುಮಾರು 1.8 ಮೀಟರ್ ಹಗ್ಗ, ಅದರಲ್ಲೊಂದು ಶಾಕ್ ಅಬ್ಸಾರ್ಬರ್ ಇರುತ್ತದೆ. ಅಬ್ಸಾರ್ಬರ್ ಅಂದರೆ ಮಡಚಿ ಹೊಲಿದ ಪಟ್ಟಿ. ಆಳು ಬಿದ್ದಾಗ ಹೊಲಿಗೆ ಪರಪರ ಬಿಚ್ಚಿಕೊಂಡು ಏಟಿನ ಜೋರು ತಗ್ಗಿಸುತ್ತದೆ. ಯುರೋಪಿನ ಇಎನ್ 355 ಮಾನಕದ ಪ್ರಕಾರ ದೇಹದ ಮೇಲೆ ಬೀಳುವ ಬಲ 6 ಕಿಲೋನ್ಯೂಟನ್ ದಾಟಬಾರದು. ಅಂದರೆ ಸುಮಾರು 600 ಕೆಜಿ ತೂಕದಷ್ಟು ಜಗ್ಗು. ಅಷ್ಟಕ್ಕೆ ತಗ್ಗಿಸಲು ಆ ಪಟ್ಟಿ 1.75 ಮೀಟರ್‌ವರೆಗೆ ಬಿಚ್ಚಿಕೊಳ್ಳಬಹುದು.

ಈಗ ಕೂಡಿ. ಹಗ್ಗ 1.8. ಬಿಚ್ಚಿಕೊಳ್ಳುವ ಪಟ್ಟಿ 1.75. ಬೆನ್ನಿನ ಡಿ ರಿಂಗ್‌ನಿಂದ, ಅಂದರೆ ಹಗ್ಗ ಸಿಕ್ಕಿಸುವ ಲೋಹದ ಬಳೆಯಿಂದ, ಪಾದದವರೆಗೆ 1.5. ಅದರ ಕೆಳಗೆ ಒಂದು ಮೀಟರ್ ಖಾಲಿ ಇರಲಿ ಅಂತ ಇಟ್ಟುಕೊಳ್ಳಿ. ಒಟ್ಟು 6 ಮೀಟರ್ ಮೇಲೆಯೇ ಆಯಿತು. ಕೊಂಡಿ ಹಾಕಿದ ಜಾಗದಿಂದ ಕೆಳಕ್ಕೆ ಅಷ್ಟು ಜಾಗ ಬೇಕು. ಕೊಂಡಿ ಕಾಲ ಮಟ್ಟದಲ್ಲೇ ಇದ್ದರೆ, ಛಾವಣಿಯ ಅಂಚಿನಿಂದ ನೆಲಕ್ಕೆ 6 ಮೀಟರ್.

ನಿಮ್ಮ ಶೆಡ್ಡಿನ ಎತ್ತರ ಎಷ್ಟು? ಹದಿನೈದು ಅಡಿ, ಅಂದರೆ ನಾಲ್ಕೂವರೆ ಮೀಟರ್. ಒಂದು ಮಹಡಿಯ ಮನೆಯ ತಾರಸಿ? ಮೂರು, ಮೂರೂವರೆ ಮೀಟರ್. ಬೆಲ್ಟ್ ಸರಿಯಾಗಿ ಹಾಕಿ, ಗಟ್ಟಿ ಜಾಗಕ್ಕೇ ಕೊಂಡಿ ಸಿಕ್ಕಿಸಿದ್ದರೂ ಆಳು ನೆಲಕ್ಕೆ ಬಡಿದ ಮೇಲೆ ಹಗ್ಗ ಬಿಗಿಯಾಗುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈ ಲೆಕ್ಕ ಹೇಳಿದಾಗ ಹಳೇ ಮೇಸ್ತ್ರಿಗಳು ಕೂಡ ಒಂದು ಕ್ಷಣ ಸುಮ್ಮನಾಗುತ್ತಾರೆ. "ಎತ್ತರ ಕಮ್ಮಿ, ಭಯ ಇಲ್ಲ" ಅನ್ನುವುದು ನಮ್ಮ ರೂಢಿಯ ಮಾತು. ಆದರೆ ಮೂರು ಮೀಟರ್‌ನಿಂದ ಬೀಳಲು ಒಂದು ಸೆಕೆಂಡೂ ಬೇಡ. ನೆಲ ಮುಟ್ಟುವಾಗ ವೇಗ ಗಂಟೆಗೆ 27 ಕಿಲೋಮೀಟರ್ ಹತ್ತಿರ ಇರುತ್ತದೆ. ತಲೆ ಮೊದಲು ತಗುಲಿದರೆ ಮುಗಿಯಿತು. ಅಮೆರಿಕದಲ್ಲಿ ಕಟ್ಟಡ ಕೆಲಸಕ್ಕೆ 6 ಅಡಿ ಎತ್ತರದಿಂದಲೇ ರಕ್ಷಣೆ ಕಡ್ಡಾಯ ಮಾಡಿರುವುದು ಸುಮ್ನೆ ಅಲ್ಲ. ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆಯ 32ನೇ ಸೆಕ್ಷನ್ ಇದನ್ನೇ ಹೇಳಿತ್ತು: ಬೀಳುವ ಸಂಭವ ಇರುವ ಎತ್ತರದಲ್ಲಿ ಕೆಲಸ ಮಾಡಿಸುವುದಾದರೆ ಬೇಲಿಯನ್ನೋ ಬೇರೆ ಏನನ್ನೋ ಮಾಡಿ ಕಾಪಾಡಬೇಕು. ಅಲ್ಲಿ ಬೇಲಿಯ ಹೆಸರು ಮೊದಲು ಬಂದಿದೆ, ಗಮನಿಸಿ.

ಬೇಲಿ, ಗೂಟದ ಹಸು, ಬೀಳುವವನನ್ನು ಹಿಡಿಯುವ ಹಗ್ಗ

ಇರುವುದು ಮೂರೇ ದಾರಿ. ಅಂಚಿಗೆ ಬೇಲಿ ಹಾಕುವುದು. ಆಳು ಅಂಚಿಗೇ ಹೋಗದಷ್ಟು ಚಿಕ್ಕ ಹಗ್ಗದಲ್ಲಿ ಕಟ್ಟುವುದು. ಬಿದ್ದವನನ್ನು ಗಾಳಿಯಲ್ಲಿ ಹಿಡಿಯುವುದು. ನಾನು ಆರಿಸುವುದು ಇದೇ ಕ್ರಮದಲ್ಲಿ.

ಬೇಲಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ತಾರಸಿಗೆ ಎದೆಮಟ್ಟದ ಪ್ಯಾರಾಪೆಟ್ ಗೋಡೆ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಸಾರುವೆಯ ಪೈಪುಗಳಲ್ಲೇ ತಾತ್ಕಾಲಿಕ ರೇಲಿಂಗ್ ಕಟ್ಟಬಹುದು. ಮೇಲೊಂದು ಅಡ್ಡಪೈಪು, ನಡುವೆ ಒಂದು, ಕೆಳಗೆ ಸ್ಪ್ಯಾನರ್ ಜಾರದ ಹಾಗೆ ಒಂದು ಹಲಗೆ. ಮೇಲಿನ ಪೈಪು ಒಂದು ಮೀಟರ್‌ಗಿಂತ ಸ್ವಲ್ಪ ಎತ್ತರ ಇರಲಿ. ಅಮೆರಿಕದ ನಿಯಮದಲ್ಲಿ 42 ಇಂಚು. ಮೊಣಕಾಲೆತ್ತರದ ಪ್ಯಾರಾಪೆಟ್ ಮಾತ್ರ ಬಲು ಅಪಾಯ. ಹಿಂದೆ ಸರಿಯುವಾಗ ಅದು ಕಾಲಿಗೆ ತಡೆದು ಮೇಲಿನ ಅರ್ಧ ದೇಹವನ್ನು ಆಚೆಗೆ ಮಗುಚುತ್ತದೆ. ಪ್ಯಾನೆಲ್ ಹಿಡಿದವನಿಗೆ ಹಿಂದೇನಿದೆ ಅಂತ ಕಾಣುವುದಿಲ್ಲ. ಈಗಿನ ದೊಡ್ಡ ಪ್ಯಾನೆಲ್ ಏಳು ಅಡಿ ಮೀರಿ ಉದ್ದ, ತೂಕ ಇಪ್ಪತ್ತೈದು ಕೆಜಿ ದಾಟುತ್ತದೆ. ಗಾಳಿ ಬೀಸಿದರೆ ಹಾಯಿಯ ಹಾಗೆ ಎಳೆಯುತ್ತದೆ.

ಬೇಲಿಗೆ ಖರ್ಚು ಜಾಸ್ತಿ ಅನ್ನುತ್ತಾರೆ. ಎರಡು ದಿನದ ಕೆಲಸಕ್ಕೆ ಇರಬಹುದು. ಹತ್ತು ಜನ ಹತ್ತು ದಿನ ಓಡಾಡುವ ಜಾಗವಾದರೆ, ಹತ್ತು ಸೆಟ್ ಬೆಲ್ಟು, ಕೊಂಡಿ, ಹಗ್ಗ, ಅದನ್ನು ದಿನಾ ನೋಡಿಕೊಳ್ಳುವ ಒಬ್ಬ ಸೂಪರ್‌ವೈಸರ್, ಇಷ್ಟೂ ಸೇರಿಸಿ ನೋಡಿ. ಬೇಲಿಯೇ ಅಗ್ಗ. ಬೇಲಿಗೆ ಯಾರ ನೆನಪಿನ ಶಕ್ತಿಯ ಹಂಗೂ ಇಲ್ಲ.

ಎರಡನೆಯದು ನನಗೆ ತುಂಬಾ ಇಷ್ಟದ ದಾರಿ, ಜನ ತುಂಬಾ ಕಮ್ಮಿ ಬಳಸುವುದೂ ಅದನ್ನೇ. ಇಂಗ್ಲಿಷಿನವರು ಟ್ರಾವೆಲ್ ರಿಸ್ಟ್ರೇಂಟ್ ಅನ್ನುತ್ತಾರೆ. ನಾನು ಹುಡುಗರಿಗೆ ಹೇಳುವುದು "ಗೂಟಕ್ಕೆ ಕಟ್ಟಿದ ಹಸು" ಅಂತ. ಹಸು ಹಗ್ಗದ ಉದ್ದದಷ್ಟು ಮೇಯುತ್ತದೆ, ಪಕ್ಕದ ಹೊಲಕ್ಕೆ ಬಾಯಿ ಹಾಕಲಾಗುವುದಿಲ್ಲ. ಹಗ್ಗ ಅಂಚಿಗಿಂತ ಚಿಕ್ಕದು, ಹಾಗಾಗಿ ಬೀಳುವ ಪ್ರಶ್ನೆಯೇ ಇಲ್ಲ. ಕೆಳಗೆ ಮೂರು ಮೀಟರ್ ಇದ್ದರೂ ಸರಿ, ಮೂವತ್ತು ಇದ್ದರೂ ಸರಿ. ಮೇಲಿನ ಆರು ಮೀಟರ್ ಲೆಕ್ಕ ಇಲ್ಲಿ ಬೇಡ. ತಗ್ಗು ಶೆಡ್, ಒಂದು ಮಹಡಿ ಮನೆ, ಇವಕ್ಕೆ ಇದೇ ಸರಿಯಾದ ಆಯ್ಕೆ.

ತೊಡಕು ಮೂಲೆಯಲ್ಲಿದೆ. 8 ಮೀಟರ್ ಉದ್ದ, 6 ಮೀಟರ್ ಅಗಲದ ತಾರಸಿ ಅಂದುಕೊಳ್ಳಿ. ನಟ್ಟನಡುವೆ ಒಂದೇ ಆ್ಯಂಕರ್, ಅಂದರೆ ಕೊಂಡಿ ಹಾಕುವ ಗಟ್ಟಿ ಜಾಗ. ಹತ್ತಿರದ ಅಂಚು 3 ಮೀಟರ್ ದೂರ, ಮೂಲೆ 5 ಮೀಟರ್. ಅಂಚು ದಾಟಬಾರದು ಅಂತ ಎರಡೂವರೆ ಮೀಟರ್ ಹಗ್ಗ ಕೊಟ್ಟರೆ ಮೂಲೆಯ ಕೆಲಸ ಆಗುವುದಿಲ್ಲ. ಹುಡುಗ ಏನು ಮಾಡುತ್ತಾನೆ? ಹಗ್ಗ ನಾಲ್ಕೂವರೆ ಮೀಟರ್‌ಗೆ ಸಡಿಲಿಸಿಕೊಳ್ಳುತ್ತಾನೆ. ಮೂಲೆಯ ಕೆಲಸ ಮುಗಿಸಿ ನಡುವಿನ ಅಂಚಿಗೆ ಬಂದಾಗ ಒಂದೂವರೆ ಮೀಟರ್ ಆಚೆಗೆ ಬೀಳುವಷ್ಟು ಹಗ್ಗ ಅವನ ಹತ್ತಿರ ಇರುತ್ತದೆ. ಅದಕ್ಕೇ ಮೂಲೆಗೆ ಬೇರೆ ಆ್ಯಂಕರ್ ಹಾಕಿ. ಹಗ್ಗದ ಉದ್ದ ಹುಡುಗನ ಕೈಗೆ ಬಿಡಬೇಡಿ, ಬೆಳಿಗ್ಗೆ ನೀವೇ ಅಳೆದು ಗಂಟು ಹಾಕಿ ಕೊಡಿ.

ಮೂರನೆಯದು, ಬಿದ್ದವನನ್ನು ಹಿಡಿಯುವುದು. ಮೊದಲ ಎರಡು ಆಗದೇ ಇದ್ದಾಗ ಮಾತ್ರ. ಆಗ ಯಾವ ಹಗ್ಗ ಅನ್ನುವುದು ದೊಡ್ಡ ವಿಷಯವಾಗುತ್ತದೆ.

ಲ್ಯಾನ್‌ಯಾರ್ಡ್, ರೋಪ್ ಗ್ರ್ಯಾಬ್, ರಿಟ್ರ್ಯಾಕ್ಟೆಬಲ್

ಸಾದಾ ಲ್ಯಾನ್‌ಯಾರ್ಡ್ ಅಂದರೆ ಮೇಲೆ ಹೇಳಿದ ಸೆಟ್‌ನಲ್ಲಿ ಬರುವ ಚಿಕ್ಕ ಹಗ್ಗ. ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಕೊಳ್ಳುವುದಾದರೆ ಎರಡು ಕವಲಿನದನ್ನೇ ಕೊಳ್ಳಿ. ಸರಿದಾಡುವಾಗ ಒಂದು ಹುಕ್ಕು ಬಿಚ್ಚಿದರೂ ಇನ್ನೊಂದು ಹಿಡಿದಿರುತ್ತದೆ. ಅಬ್ಸಾರ್ಬರ್ ಇಲ್ಲದ ಬರೀ ಹಗ್ಗ ಬೀಳುವವನನ್ನು ಹಿಡಿಯುವ ಕೆಲಸಕ್ಕೆ ಬೇಡವೇ ಬೇಡ, ಏಟೆಲ್ಲಾ ಬೆನ್ನುಮೂಳೆಗೆ ಹೋಗುತ್ತದೆ. ಒಂದು ಸೂಕ್ಷ್ಮ ಇದೆ. ಬಳಸದ ಕವಲಿನ ಹುಕ್ಕನ್ನು ಸೊಂಟದ ಗಟ್ಟಿ ರಿಂಗಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಎಲ್ಲರಿಗೂ ಇದೆ. ಹಾಗೆ ಮಾಡಿದರೆ ಬಿದ್ದಾಗ ಅಬ್ಸಾರ್ಬರ್ ಪೂರ್ತಿ ಬಿಚ್ಚಿಕೊಳ್ಳದೆ ನಡುವೆಯೇ ತಡೆಯಬಹುದು. ಒಳ್ಳೇ ಹಾರ್ನೆಸ್‌ಗಳಲ್ಲಿ ಎದೆ ಪಟ್ಟಿಯ ಹತ್ತಿರ ಜಗ್ಗಿದರೆ ಬಿಟ್ಟುಕೊಳ್ಳುವ ಒಂದು ಕುಣಿಕೆ ಇರುತ್ತದೆ. ಅದು ಇದಕ್ಕೇ ಇರುವುದು.

ಇಳಿಜಾರು ಛಾವಣಿಗೆ ರೋಪ್ ಗ್ರ್ಯಾಬ್ ವಾಸಿ. ಮೇಲೆ ಮೋಟಿನ (ಎರಡು ಇಳಿಜಾರು ಸೇರುವ ನೆತ್ತಿಯ) ಹತ್ತಿರ ಒಂದು ಗಟ್ಟಿ ಜಾಗಕ್ಕೆ ಹಗ್ಗ ಕಟ್ಟಿ ಇಳಿಬಿಡುತ್ತೀರಿ. ಹಗ್ಗದ ಮೇಲೆ ಒಂದು ಚಿಕ್ಕ ಲೋಹದ ಹಿಡಿಕೆ ಜಾರುತ್ತಾ ನಿಮ್ಮ ಜತೆ ಬರುತ್ತದೆ, ಜೋರಾಗಿ ಜಗ್ಗಿದರೆ ಕಚ್ಚುತ್ತದೆ. ಹಿಡಿಕೆಯ ಮೇಲೆ ಬಾಣದ ಗುರುತು ಇರುತ್ತದೆ, ಅದು ಮೇಲಕ್ಕೇ ಇರಬೇಕು. ಉಲ್ಟಾ ಹಾಕಿದರೆ ಕಚ್ಚುವುದಿಲ್ಲ. ನಾನು ಹತ್ತುವ ಮುಂಚೆ ಪ್ರತಿಯೊಬ್ಬರ ಹಿಡಿಕೆಯನ್ನೂ ಒಂದು ಸಲ ಕೆಳಕ್ಕೆ ಜಗ್ಗಿ ನೋಡುತ್ತೇನೆ. ಇನ್ನೊಂದು, ಹಿಡಿಕೆಗೆ ಯಾವ ದಪ್ಪದ, ಯಾವ ಬಗೆಯ ಹಗ್ಗ ಹೇಳಿದ್ದಾರೋ ಅದೇ ಇರಲಿ. ಬಾವಿ ಹಗ್ಗ, ಲಾರಿ ಹಗ್ಗ ಎಲ್ಲಾ ಬೇಡ. ಶೀಟಿನ ಅಂಚು ಚಾಕುವಿನ ಹಾಗೆ ಇರುತ್ತದೆ. ಹಗ್ಗ ಅಂಚನ್ನು ದಾಟುವ ಕಡೆ ಹಳೇ ಕ್ಯಾನ್ವಾಸ್ ಹೋಸ್ ಪೈಪನ್ನು ಉದ್ದಕ್ಕೆ ಸೀಳಿ ಹೊದಿಸುತ್ತೇವೆ. ಪುಕ್ಕಟೆ ಉಪಾಯ.

ರಿಟ್ರ್ಯಾಕ್ಟೆಬಲ್ ಬ್ಲಾಕನ್ನು ನಮ್ಮ ಕಡೆ ಬರೀ ಫಾಲ್ ಅರೆಸ್ಟರ್ ಅಂತಾರೆ. ಕಾರಿನ ಸೀಟ್ ಬೆಲ್ಟ್ ಇದ್ದ ಹಾಗೆ. ಮೆಲ್ಲಗೆ ಎಳೆದರೆ ಬರುತ್ತದೆ, ದಡಕ್ಕನೆ ಎಳೆದರೆ ಲಾಕ್. ಸಡಿಲ ಹಗ್ಗ ಇಲ್ಲ, ಕಾಲಿಗೆ ತೊಡರುವುದೂ ಇಲ್ಲ. ಯುರೋಪಿನ ಮಾನಕದ ಪ್ರಕಾರ ಎರಡು ಮೀಟರ್ ಒಳಗೆ ನಿಲ್ಲಿಸಬೇಕು. ಹಾಗಾಗಿ ತಲೆಯ ಮೇಲೆ ತೂಗುಹಾಕಿದರೆ ಪಾದದ ಕೆಳಗೆ ಸುಮಾರು ಮೂರು ಮೀಟರ್ ಸಾಕು. ಬೆಲೆ ಲ್ಯಾನ್‌ಯಾರ್ಡಿನ ಎಷ್ಟೋ ಪಟ್ಟು.

ಇಷ್ಟು ಕೇಳಿ "ಹಾಗಾದರೆ ಅದೇ ಬೆಸ್ಟು" ಅಂತ ಕೊಂಡುಬಿಡುತ್ತಾರೆ. ತಾರಸಿಯ ಮೇಲೆ ತಲೆಯ ಮೇಲೇನಿದೆ? ಆಕಾಶ. ಬ್ಲಾಕನ್ನು ಕಾಲ ಬುಡದಲ್ಲಿ ಇಟ್ಟು ಬಳಸುತ್ತಾರೆ. ಬಿದ್ದಾಗ ತೆಳ್ಳನೆಯ ತಂತಿ ಅಥವಾ ಪಟ್ಟಿ ಅಂಚಿನ ಮೇಲೆ ತೀಡುತ್ತದೆ, ಕತ್ತರಿಸಿಯೂ ಹೋಗಬಹುದು. ಅಂಚಿಗಾಗಿಯೇ ಪರೀಕ್ಷೆ ಮಾಡಿದ ಮಾದರಿಗಳು ಬೇರೆ ಇವೆ. ಅವುಗಳ ಲೇಬಲ್ ಮೇಲೆ ಅಡ್ಡ ಬಳಕೆಗೆ ಒಪ್ಪಿಗೆ ಇರುತ್ತದೆ. ಬರೆದಿಲ್ಲದಿದ್ದರೆ ಅದು ತಲೆಯ ಮೇಲೆ ತೂಗುಹಾಕೋಕೆ ಮಾತ್ರ. ಫ್ಯಾಕ್ಟರಿ ಒಳಗೆ, ಟ್ರಸ್ (ಛಾವಣಿ ಹೊರುವ ಕಬ್ಬಿಣದ ಚೌಕಟ್ಟು) ಕೆಳಗೆ ಕೆಲಸ ಮಾಡುವವರಿಗೆ ಅದು ಚಿನ್ನ. ಬಯಲು ತಾರಸಿಯವರಿಗೆ ನಾನು ಶಿಫಾರಸು ಮಾಡುವುದಿಲ್ಲ.

ಯಾವ ಹಗ್ಗವಾದರೂ ಒಂದು ವಿಷಯ ನೆನಪಿಡಿ. ಆ್ಯಂಕರ್ ನಿಮ್ಮ ನೇರಕ್ಕೆ ಇರಬೇಕು. ಆರು ಮೀಟರ್ ಪಕ್ಕಕ್ಕೆ ಸರಿದು ಬಿದ್ದರೆ ಹಗ್ಗ ನಿಮ್ಮನ್ನು ಹಿಡಿಯುತ್ತದೆ ನಿಜ, ಉಯ್ಯಾಲೆಯ ಹಾಗೆ ತೂಗಿ ಪಕ್ಕದ ಗೋಡೆಗೆ ಬಡಿಯುತ್ತದೆ.

ಕೊಂಡಿ ಎಲ್ಲಿಗೆ?

ಒಂದು ಸಲ ಮೂರು ಮಹಡಿಯ ಮನೆಯೊಂದರಲ್ಲಿ ನಮಗಿಂತ ಮುಂಚೆ ಬಂದ ತಂಡ ಪ್ಯಾರಾಪೆಟ್ಟಿಗೆ ಕಬ್ಬಿಣದ ಕೊಂಡಿ ಹೊಡೆದು ಹೋಗಿತ್ತು. ಮನೆಯ ಯಜಮಾನರು "ಆ್ಯಂಕರ್ ರೆಡಿ ಇದೆ ನೋಡಿ" ಅಂದರು. ನೋಡೋಕೆ ಗಟ್ಟಿಯಾಗೇ ಇತ್ತು, ಮೇಲೆ ಬಣ್ಣ ಕೂಡ ಹೊಡೆದಿದ್ದರು. ಒಂದು ಹಗ್ಗ ಸಿಕ್ಕಿಸಿ ಕಾಲು ಒದ್ದು ಜಗ್ಗಿದೆ. ಎರಡನೇ ಜಗ್ಗಿಗೆ ಕೈಗೇ ಬಂತು. ಅದರ ಜತೆ ಒಂದು ಹಿಡಿ ಕೆಂಪು ಪುಡಿ ಮತ್ತು ಅರ್ಧ ಇಟ್ಟಿಗೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಗಾರೆಯ ಮೇಲೆ ನಂಬಿಕೆ.

ಅಮೆರಿಕದ ನಿಯಮ ಒಬ್ಬ ಆಳಿಗೆ 5,000 ಪೌಂಡ್ ತಡೆಯುವ ಆ್ಯಂಕರ್ ಕೇಳುತ್ತದೆ, ಅಂದರೆ ಎರಡೂಕಾಲು ಟನ್. ಯುರೋಪಿನ ಇಎನ್ 795 ಕೇಳುವುದು 12 ಕಿಲೋನ್ಯೂಟನ್, ಸುಮಾರು 1,200 ಕೆಜಿ. ಎರಡರಲ್ಲಿ ಯಾವುದನ್ನು ಹಿಡಿದರೂ ನಮ್ಮ ತಾರಸಿಯ ಮೇಲೆ ಕಾಣುವ ಮುಕ್ಕಾಲು ವಸ್ತುಗಳು ಫೇಲು. ನೀರಿನ ಪೈಪು, ಡಿಶ್ ಆ್ಯಂಟೆನಾ, ಎಸಿ ಸ್ಟ್ಯಾಂಡ್, ಸಿಡಿಲು ತಡೆಯ ಪಟ್ಟಿ, ಬಟ್ಟೆ ಒಣಗಿಸುವ ಕಂಬಿ, ಇನ್ನೂ ಪೂರ್ತಿ ಬಿಗಿಯದ ಸೋಲಾರ್ ಸ್ಟ್ರಕ್ಚರ್. ಇವುಗಳಿಗೆಲ್ಲಾ ಕೊಂಡಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಯಾವುದು ನಡೆಯುತ್ತದೆ? ಮೆಟ್ಟಿಲಿನ ಹೆಡ್‌ರೂಮಿನ ಆರ್‌ಸಿಸಿ ಕಂಬ. ಅದರ ಸುತ್ತ ಪಟ್ಟಿ ಸ್ಲಿಂಗ್ ಸುತ್ತಿ ಕೊಂಡಿ ಹಾಕಿದರೆ ಮನೆ ಕೆಲಸಕ್ಕೆ ಅದಕ್ಕಿಂತ ಸುಲಭದ್ದಿಲ್ಲ. ಕಂಬದ ಮೂಲೆಗೆ ಗೋಣಿಚೀಲ ಮಡಚಿ ಇಟ್ಟರೆ ಪಟ್ಟಿ ಸವೆಯುವುದಿಲ್ಲ. ಶೆಡ್ಡಿನಲ್ಲಾದರೆ ಪರ್ಲಿನ್, ಅಂದರೆ ಶೀಟು ಕೂರುವ ಅಡ್ಡಪಟ್ಟಿ, ನಂಬಬೇಡಿ, ಟ್ರಸ್ ಅಥವಾ ಮುಖ್ಯ ತೊಲೆ ಹುಡುಕಿ. ಪದೇಪದೇ ಹತ್ತಬೇಕಾದ ಛಾವಣಿ ಆಗಿದ್ದರೆ ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು) ಹಾಕಿಸಿ, ಜಗ್ಗು ಪರೀಕ್ಷೆ ಮಾಡಿಸಿ, ಅದರ ಕಾಗದ ಇಟ್ಟುಕೊಳ್ಳಿ. ಸೋಲಾರ್ ಅಂದರೆ ಇಪ್ಪತ್ತೈದು ವರ್ಷ ಪ್ಯಾನೆಲ್ ತೊಳೆಯುವ ಕೆಲಸ ಇದೆ, ಅಲ್ವಾ? ಭಾರದ ಕಲ್ಲಿಟ್ಟು ನಿಲ್ಲಿಸುವ ಆ್ಯಂಕರ್‌ಗಳೂ ಬರುತ್ತವೆ. ಒಣ, ಸಮತಟ್ಟು ತಾರಸಿಗೆ ಪರವಾಗಿಲ್ಲ. ಪಾಚಿ ಕಟ್ಟಿದ ಅಥವಾ ಇಳಿಜಾರಿನ ಜಾಗದಲ್ಲಿ ಆಳಿನ ಜತೆ ಅದೂ ಜಾರುತ್ತದೆ.

ಎರಡು ಕಂಬದ ನಡುವೆ ಅಡ್ಡಡ್ಡ ತಂತಿ ಎಳೆದು ಅದಕ್ಕೆ ಎಲ್ಲರೂ ಕೊಂಡಿ ಹಾಕುವ ಪದ್ಧತಿ ಇದೆ. ನೋಡೋಕೆ ಬಟ್ಟೆ ಹರವುವ ತಂತಿಯಷ್ಟೇ ಸರಳ. ಹತ್ತು ಮೀಟರ್ ತಂತಿಯ ನಡುವೆ ಆಳು ಬಿದ್ದು ತಂತಿ ಅರ್ಧ ಮೀಟರ್ ಜೋತುಬಿತ್ತು ಅನ್ನಿ. ಎರಡು ತುದಿಯ ಮೇಲೂ ಬೀಳುವ ಎಳೆತ ಆಳು ಎಳೆದದ್ದರ ಐದು ಪಟ್ಟು. 600 ಕೆಜಿ ಜಗ್ಗು ಮೂರು ಟನ್ ಆಗುತ್ತದೆ. ತಂತಿ ಬಿಗಿಯಾದಷ್ಟೂ ಇದು ಏರುತ್ತದೆ. ಕಂಬ ತಡೆಯುತ್ತದಾ? ಇದನ್ನು ಮೇಸ್ತ್ರಿ ಅಂದಾಜಿನಲ್ಲಿ ಎಳೆಯುವುದು ಬೇಡ, ಎಂಜಿನಿಯರ್ ಲೆಕ್ಕ ಹಾಕಬೇಕಾದ ಕೆಲಸ.

ಕಾಲ ಕೆಳಗೇ ಮುರಿಯುವ ಛಾವಣಿ

ಇಷ್ಟು ಹೊತ್ತು ಅಂಚಿನ ಮಾತಾಯಿತು. ಸಿಮೆಂಟ್ ಶೀಟಿನ ಛಾವಣಿಯಲ್ಲಿ ಅಂಚು ಎಲ್ಲಾ ಕಡೆ ಇರುತ್ತದೆ. ಹಳೆಯ ಆಸ್ಬೆಸ್ಟಾಸ್ ಶೀಟ್ ಬಿರುಕಿನ ಸದ್ದು ಕೂಡ ಮಾಡದೆ ಒಮ್ಮೆಲೇ ಒಡೆಯುತ್ತದೆ. "ಬೋಲ್ಟ್ ಸಾಲಿನ ಮೇಲೇ ಕಾಲಿಡು, ಕೆಳಗೆ ಪರ್ಲಿನ್ ಇರುತ್ತೆ" ಅನ್ನುವ ಬುದ್ಧಿಮಾತು ತಲೆಮಾರುಗಳಿಂದ ಬಂದಿದೆ. ಸರ್ಕಸ್ ತಂತಿಯ ಮೇಲೆ ನಡೆಯುವವನಿಗೆ ಅದು ಸರಿ. ಕೈಯಲ್ಲಿ ಸಾಮಾನು ಹಿಡಿದವನು ಒಂದು ಸಲ ತಪ್ಪಿ ಅರ್ಧ ಅಡಿ ಪಕ್ಕಕ್ಕೆ ಕಾಲಿಟ್ಟರೆ ಆಯಿತು.

ಅದಕ್ಕಿಂತ ಮೋಸದ್ದು ಬೆಳಕಿನ ಶೀಟು. ತಗಡಿನ ಛಾವಣಿಯಲ್ಲಿ ನಡುನಡುವೆ ಹಾಕುವ ಫೈಬರ್ ಶೀಟು. ಹೊಸದರಲ್ಲಿ ಹೊಳೆಯುತ್ತದೆ. ಐದಾರು ವರ್ಷಕ್ಕೆ ಧೂಳು ಕೂತು ಪಕ್ಕದ ತಗಡಿನ ಬಣ್ಣಕ್ಕೇ ತಿರುಗುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನನ್ನ ಮುಂದೆ ನಡೆಯುತ್ತಿದ್ದ ಗೆಳೆಯ ಅಂಥ ಶೀಟಿನ ಮೇಲೆ ಕಾಲಿಟ್ಟ. ತೊಡೆವರೆಗೆ ಒಳಗೆ ಹೋಗಿ ಪರ್ಲಿನ್ ಅಡ್ಡ ಬಂದು ಉಳಿದ. ನನಗೆ ಇವತ್ತಿಗೂ ನೆನಪಿರುವುದು ಅವನ ಕೂಗಲ್ಲ. ಅವನು ಕೂಗಲೇ ಇಲ್ಲ. ಅವನ ಒಂದು ಚಪ್ಪಲಿ ಕಾಲಿಂದ ಕಳಚಿ ತುಂಬಾ ಕೆಳಗೆ ಸಿಮೆಂಟ್ ನೆಲಕ್ಕೆ ಬಿದ್ದ ಸದ್ದು.

ಇಂಥ ಛಾವಣಿಗೆ ಆಯ್ಕೆಗಳು ಬೇರೆ. ಮೊದಲ ಪ್ರಶ್ನೆ, ಹತ್ತಲೇಬೇಕಾ? ಒಂದೆರಡು ಶೀಟು ಬದಲಿಸುವುದಾದರೆ ಒಳಗಿನಿಂದ ಸಾರುವೆ ಕಟ್ಟಿಯೋ, ಲಿಫ್ಟಿನ ಬುಟ್ಟಿಯಲ್ಲಿ ನಿಂತೋ ಮಾಡಬಹುದು. ಲಿಫ್ಟ್ ಬಾಡಿಗೆ ದುಬಾರಿ ಅನಿಸುತ್ತದೆ, ಆದರೆ ಎರಡು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ಬುಟ್ಟಿಯಲ್ಲಿ ನಿಂತಾಗ ಕೊಂಡಿ ಬುಟ್ಟಿಯ ಒಳಗಿನ ರಿಂಗಿಗೇ ಇರಲಿ. ಹೊರಗಿನ ಪೈಪಿಗೆ ಹಾಕಿಕೊಂಡಿದ್ದರೆ, ಬುಟ್ಟಿ ಸರಿದಾಗ ಅದು ನಿಮ್ಮನ್ನೇ ಎಳೆದು ಹಾಕುತ್ತದೆ.

ಹತ್ತಲೇಬೇಕು ಅಂದರೆ ಹಲಗೆ. ಪರ್ಲಿನ್‌ನಿಂದ ಪರ್ಲಿನ್‌ಗೆ ಆರಾಮಾಗಿ ಕೂರುವಷ್ಟು ಉದ್ದ, ಎರಡೂ ಕಾಲು ಜೋಡಿಸಿ ನಿಲ್ಲುವಷ್ಟು ಅಗಲ, ಜಾರದ ಹಾಗೆ ಮೇಲೆ ಅಡ್ಡಪಟ್ಟಿ ಹೊಡೆದದ್ದು. ಕಡಿಮೆ ಅಂದರೂ ಎರಡು ಹಲಗೆ ಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದೆ ಸರಿಸಬೇಕಲ್ಲ! ಒಂದೇ ಹಲಗೆ ಕೊಟ್ಟು ಕಳಿಸುವ ಗುತ್ತಿಗೆದಾರರನ್ನು ಕಂಡಿದ್ದೇನೆ. ಅದನ್ನು ಸರಿಸುವಾಗ ಹುಡುಗ ನಿಲ್ಲುವುದು ಶೀಟಿನ ಮೇಲೆಯೇ. ಹಲಗೆಯ ಜತೆಗೆ ಕೆಳಗೆ ಬಲೆ ಕಟ್ಟಿದರೆ ಬಲು ಒಳ್ಳೆಯದು. ಬಲೆ ಛಾವಣಿಗೆ ಆದಷ್ಟು ಹತ್ತಿರ ಇರಬೇಕು. ಅದರ ಕೆಳಗೆ ಬಲೆ ಜೋತುಬೀಳುವಷ್ಟು ಖಾಲಿ ಜಾಗ ಬೇಕು, ಯಂತ್ರ, ಸರಕಿನ ರಾಶಿ ಇರಬಾರದು. ಉತ್ಪಾದನೆ ನಿಲ್ಲಿಸಲ್ಲ ಅನ್ನುವ ಮಾಲೀಕರ ಜತೆ ಇಲ್ಲೇ ಜಗಳ ಶುರುವಾಗುವುದು. ಬೆಳಕಿನ ಶೀಟುಗಳ ಸುತ್ತ ಹತ್ತುವ ಮುಂಚೆಯೇ ಕೆಂಪು ಬಣ್ಣದ ಗೆರೆ ಎಳೆಯಿರಿ. ಯಾವುದು ಬೆಳಕಿನ ಶೀಟು ಅಂತ ಒಳಗೆ ನಿಂತು ತಲೆಯೆತ್ತಿದರೆ ಸ್ಪಷ್ಟವಾಗಿ ಕಾಣುತ್ತದೆ.

ಮಂಗಳೂರು ಹೆಂಚಿನ ಮನೆಗಳದ್ದು ಇನ್ನೊಂದು ಕಥೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಹೆಂಚು ಸರಿ ಮಾಡಿಸಲು ಹತ್ತುತ್ತಲೇ ಇದ್ದಾರೆ. ಅಲ್ಲಿ ಮೋಟಿಗೆ ಸಿಕ್ಕಿಸುವ ಕೊಕ್ಕೆ ಇರುವ ಏಣಿಯನ್ನು ಹೆಂಚಿನ ಮೇಲೆ ಮಲಗಿಸಿ, ಅದರ ಮೇಲೇ ಓಡಾಡುವುದು ಒಳ್ಳೆಯದು. ಭಾರ ಹಂಚಿಹೋಗುತ್ತದೆ, ಹೆಂಚೂ ಉಳಿಯುತ್ತದೆ. ಜತೆಗೆ ಒಂದು ಹಗ್ಗವನ್ನು ಮೋಟಿನ ಆಚೆಗೆ ಹಾಯಿಸಿ ಮನೆಯ ಇನ್ನೊಂದು ಬದಿಯ ಗಟ್ಟಿ ಮರದ ಬುಡಕ್ಕೆ ಕಟ್ಟಿ, ರೋಪ್ ಗ್ರ್ಯಾಬ್ ಬಳಸಿ. ಜೀಪಿಗೆ ಕಟ್ಟಬೇಡಿ. ಯಾರಾದರೂ ಕೀಲಿ ತಿರುಗಿಸಿಯಾರು.

ಬರಿಗಾಲಲ್ಲಿ ಹಿಡಿತ ಜಾಸ್ತಿ ಅನ್ನುವವರ ಜತೆ ನಾನು ವಾದ ಮಾಡುವುದಿಲ್ಲ. ಮೆತ್ತನೆ ರಬ್ಬರ್ ಅಟ್ಟೆಯ ಶೂ ಕೊಡಿಸಿ, ಮಧ್ಯಾಹ್ನ ಹನ್ನೆರಡಕ್ಕೆ ತಗಡಿನ ಮೇಲೆ ಅವರೇ ಹಾಕಿಕೊಳ್ಳುತ್ತಾರೆ. ಹೆಲ್ಮೆಟ್‌ಗೆ ಗಲ್ಲದ ಪಟ್ಟಿ ಇರಲಿ, ಬೀಳುವಾಗ ಮೊದಲು ಹಾರಿಹೋಗುವುದು ಪಟ್ಟಿ ಇಲ್ಲದ ಹೆಲ್ಮೆಟ್ಟೇ.

ನೇತಾಡುವವನನ್ನು ಇಳಿಸುವವರು ಯಾರು?

ಹಗ್ಗ ಹಿಡಿಯಿತು, ಆಳು ಉಳಿದ. ಈಗ ಅವನು ಅಂಚಿನಿಂದ ಎರಡು ಮೀಟರ್ ಕೆಳಗೆ ತೂಗಾಡುತ್ತಿದ್ದಾನೆ. ತೊಡೆಯ ಪಟ್ಟಿ ಒತ್ತಿ ಕಾಲಿನ ರಕ್ತ ಮೇಲೆ ಬರುವುದು ಕಮ್ಮಿಯಾಗುತ್ತದೆ. ಅಲುಗಾಡದೆ ನೇತಾಡಿದರೆ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ನಿಮಿಷಗಳ ಲೆಕ್ಕ ಅದು. 108ಕ್ಕೆ ಫೋನ್ ಮಾಡಿ, ಆದರೆ ಆಂಬುಲೆನ್ಸ್ ಬರುವವರೆಗೆ ಅವನನ್ನು ಹಾಗೇ ಬಿಡುವಂತಿಲ್ಲ.

ಬೀಳುವವನನ್ನು ಹಿಡಿಯುವ ಹಗ್ಗ ಆರಿಸಿದಿರಿ ಅಂದರೆ ಇಳಿಸುವ ಏಣಿಯನ್ನೂ ಆರಿಸಬೇಕು. ಉದ್ದದ ಏಣಿ ಸೈಟಿನಲ್ಲೇ ಇರಲಿ, ಗೋದಾಮಿನಲ್ಲಿ ಬೀಗ ಹಾಕಿ ಇಡಬೇಡಿ. ಹಾರ್ನೆಸ್‌ಗೆ ಸಿಕ್ಕಿಸುವ ಚಿಕ್ಕ ಪಟ್ಟಿಗಳು ಬರುತ್ತವೆ. ನೇತಾಡುವವನು ಅದನ್ನು ಬಿಚ್ಚಿ ಕುಣಿಕೆಯಲ್ಲಿ ಕಾಲಿಟ್ಟು ನಿಂತುಕೊಳ್ಳಬಹುದು. ಬೆಲೆ ಕಮ್ಮಿ, ನಾನು ಎಲ್ಲರಿಗೂ ಕೊಡಿಸಿದ್ದೇನೆ. ಒಂಟಿಯಾಗಿ ಯಾರನ್ನೂ ಹತ್ತಿಸಬೇಡಿ ಅನ್ನುವುದಕ್ಕೂ ಇದೇ ಕಾರಣ.

ಇನ್ನು ಬೆಲ್ಟು

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಇವತ್ತಿಗೂ ಕೆಲವು ಅಂಗಡಿಗಳಲ್ಲಿ ತೂಗುತ್ತಿರುತ್ತದೆ. ಬಿದ್ದರೆ ಏಟೆಲ್ಲಾ ಹೊಟ್ಟೆಗೆ, ಬೆನ್ನುಮೂಳೆಗೆ. ಬೀಳುವವನನ್ನು ಹಿಡಿಯಲು ಅದನ್ನು ಬಳಸುವುದನ್ನು ಅಮೆರಿಕ 1998ರ ಜನವರಿ 1ರಿಂದಲೇ ನಿಷೇಧಿಸಿದೆ. ಭುಜ, ಎದೆ, ತೊಡೆ ಎಲ್ಲಕ್ಕೂ ಪಟ್ಟಿ ಇರುವ ಪೂರ್ಣ ಹಾರ್ನೆಸ್ ಒಂದೇ ಆಯ್ಕೆ.

ಕೊಳ್ಳುವಾಗ ಲೇಬಲ್ ಓದಿ. ಐಎಸ್‌ಐ ಗುರುತಿನ ಜತೆ ಐಎಸ್ 3521 ಅಂತಲೋ, ಇಲ್ಲವೇ ಯುರೋಪಿನ ಇಎನ್ 361 ಅಂತಲೋ ಮಾನಕದ ಸಂಖ್ಯೆ ಇರಬೇಕು. ತಯಾರಾದ ತಿಂಗಳು, ವರ್ಷ, ಸೀರಿಯಲ್ ನಂಬರ್ ಇರಬೇಕು. ಬರೀ "ಸಿಇ" ಅಂತ ಯುರೋಪಿನ ಗುರುತಿನ ಸ್ಟಿಕರ್ ಅಂಟಿಸಿದ್ದರೆ ಕೆಳಗಿಟ್ಟು ಬನ್ನಿ. ಇಳಿಜಾರು, ಏಣಿ, ರೋಪ್ ಗ್ರ್ಯಾಬ್ ಕೆಲಸ ಇದ್ದರೆ ಬೆನ್ನಿನ ರಿಂಗಿನ ಜತೆ ಎದೆಯಲ್ಲೂ ಒಂದು ರಿಂಗ್ ಇರುವುದನ್ನು ತಗೊಳ್ಳಿ. ಪರೀಕ್ಷೆಗಳು ಸಾಮಾನ್ಯವಾಗಿ 100 ಕೆಜಿ ಲೆಕ್ಕಕ್ಕೆ ಆಗಿರುತ್ತವೆ. ಎಂಬತ್ತೆಂಟು ಕೆಜಿ ಆಳು, ಡ್ರಿಲ್ ಮಷಿನ್, ಸೊಂಟದ ತುಂಬಾ ಬೋಲ್ಟು ಸೇರಿದರೆ ಅಷ್ಟಾಗೇ ಬಿಡುತ್ತದೆ.

ಮೆತ್ತೆ, ಬಣ್ಣ, ಹೊಳಪಿಗೆ ಜಾಸ್ತಿ ದುಡ್ಡು ಕೊಡಬೇಡಿ ಅಂತ ಮೊದಲು ಹೇಳುತ್ತಿದ್ದೆ. ಈಗ ಭುಜ ಮತ್ತು ತೊಡೆಯ ಮೆತ್ತೆ ವಿಷಯದಲ್ಲಿ ಮನಸ್ಸು ಬದಲಾಗಿದೆ. ಕಚ್ಚುವ ಬೆಲ್ಟನ್ನು ಹುಡುಗರು ಹನ್ನೊಂದು ಗಂಟೆಗೆ ಸಡಿಲ ಮಾಡುತ್ತಾರೆ, ಎರಡು ಗಂಟೆಗೆ ಬಿಚ್ಚಿಡುತ್ತಾರೆ. ತೊಡೆ ಪಟ್ಟಿಯ ಒಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಬೆನ್ನಿನ ರಿಂಗ್ ಎರಡು ಹೆಗಲಮೂಳೆಗಳ ನಡುವೆ ಕೂರಬೇಕು, ಸೊಂಟದ ಹತ್ತಿರ ಜೋತುಬಿದ್ದಿರಬಾರದು.

ಒಂದು ಸಲ ಆಳನ್ನು ಹಿಡಿದ ಹಾರ್ನೆಸ್ ಮತ್ತು ಹಗ್ಗವನ್ನು ಮತ್ತೆ ಬಳಸುವಂತಿಲ್ಲ, ಹೊಸದರಂತೆ ಕಂಡರೂ ಅಷ್ಟೇ. ಬಿಸಿಲಿಗೆ ಬಣ್ಣ ಬಿಟ್ಟು ಪಟ್ಟಿ ಒರಟಾದದ್ದು, ಹೊಲಿಗೆ ಬಿಚ್ಚಿದ್ದು, ವೆಲ್ಡಿಂಗ್ ಕಿಡಿಗೆ ತೂತು ಬಿದ್ದದ್ದು, ಬ್ಯಾಟರಿ ಆ್ಯಸಿಡ್ ತಗುಲಿದ್ದು ಎಲ್ಲಾ ಹೊರಗೆ. ಹಾಗಂತ ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ. ನಾನು ಒಂದು ಸಲ ಎಸೆದೆ. ಮೂರು ತಿಂಗಳಾದ ಮೇಲೆ ಬೇರೆ ಬೀದಿಯಲ್ಲಿ ಬಣ್ಣ ಹೊಡೆಯುತ್ತಿದ್ದವನೊಬ್ಬನ ಮೈಮೇಲೆ ಅದೇ ಬೆಲ್ಟು ಕಂಡೆ. ಎಡ ಭುಜದ ಹತ್ತಿರ ನಮ್ಮ ಹುಡುಗ ಮಾರ್ಕರ್‌ನಲ್ಲಿ ಬರೆದಿದ್ದ ನಂಬರ್ ಏಳು ಇನ್ನೂ ಕಾಣುತ್ತಿತ್ತು. ಗುಜರಿಯಲ್ಲಿ ತಗೊಂಡೆ ಸಾರ್, ಗಟ್ಟಿಯಾಗೇ ಇದೆ ಅಂದ. ಅವನಿಗೆ ಬೇರೆ ಕೊಡಿಸಿ ಅದನ್ನು ಇಸಿದುಕೊಂಡು ಬಂದೆ. ಈಗ ನಮ್ಮ ಗಾಡಿಯಲ್ಲಿ ಟೈಲರ್ ಕತ್ತರಿ ಒಂದು ಇರುತ್ತದೆ. ಹಳೇ ಬೆಲ್ಟಿನ ಎರಡೂ ಭುಜದ ಪಟ್ಟಿ, ಎರಡೂ ತೊಡೆಯ ಪಟ್ಟಿ ಕತ್ತರಿಸಿ, ಆಮೇಲೆ ಎಸೆಯುತ್ತೇವೆ.